ಯಂತ್ರದ ತಾಳ, ಮನುಷ್ಯರ ಹೆಜ್ಜೆ

ಇಲೆಕ್ಟ್ರಾನಿಕ್ ಸಂಗೀತದ ಮೇಲೆ ಸಂಗೀತಪ್ರಿಯರು ಹೊರಿಸುವ ಆರೋಪಗಳು ಮುಖ್ಯವಾಗಿ ಮೂರು. ಅಲ್ಲಿ ಯಂತ್ರವಿದೆ, ವಾದಕನಿಲ್ಲ ಎಂಬುದು ಒಂದು. ಒಂದೇ ಪೆಟ್ಟು ಗಂಟೆಗಟ್ಟಲೆ ಮರುಕಳಿಸುತ್ತದೆ ಎಂಬುದು ಎರಡು. ಕೇಳಲು ಬಂದವರು ಕೇಳುವುದನ್ನು ಬಿಟ್ಟು ಕುಣಿಯುತ್ತಾರೆ ಎಂಬುದು ಮೂರು. ಮೊದಲಿನ ಎರಡು ಆರೋಪಗಳಿಗೆ ಉತ್ತರ ಮೂರನೆಯದರಲ್ಲಿಯೇ ಅಡಗಿದೆಯೆಂಬುದು ನಮ್ಮ ಅಭಿಪ್ರಾಯ. ಈ ಸಂಗೀತದಲ್ಲಿ ಕುಣಿಯುವುದೇ ಕೇಳುವ ರೀತಿ. ಕುಣಿಯುವವರಿಲ್ಲದ ಕಡೆ ಅದು ಅರ್ಧಕ್ಕೆ ನಿಂತ ಮಾತಿನಂತೆ. ಕುರ್ಚಿಯಲ್ಲಿ ಕೈಕಟ್ಟಿ ಕುಳಿತು ಅದಕ್ಕೆ ತೀರ್ಪು ಕೊಡುವುದು, ನಾಟಕವನ್ನು ನೋಡದೆ ಅದರ ಪುಸ್ತಕವನ್ನಷ್ಟೇ ಓದಿ ನಟರ ಯೋಗ್ಯತೆಯನ್ನು ಅಳೆದಂತಾಗುತ್ತದೆ.

ಇದಕ್ಕೆ ನಿದರ್ಶನ ಬೇಕಾದರೆ ನಮ್ಮ ದೇಶದಲ್ಲಿಯೇ ಒಂದು ಸಿಕ್ಕುತ್ತದೆ. ಹಿಂದೀ ಚಲಚ್ಚಿತ್ರಗಳ ವಾದ್ಯವೃಂದಗಳಲ್ಲಿ ನುಡಿಸಿ ಪಳಗಿದ್ದ ಚರಣ್‌ಜಿತ್ ಸಿಂಗ್ ಎಂಬುವರು 1982ರಲ್ಲಿ ಮುಂಬಯಿಯಲ್ಲಿ ಒಂದು ರೆಕಾರ್ಡು ತಂದರು. ಜಪಾನಿನ ರೋಲಂಡ್ ಕಂಪನಿಯ ಮೂರು ಯಂತ್ರಗಳನ್ನು ಅವರು ಒಟ್ಟಿಗೆ ಜೋಡಿಸಿಕೊಂಡಿದ್ದರು. ಜ್ಯೂಪಿಟರ್-8 ಸಿಂಥೆಸೈಜರಿನಲ್ಲಿ ರಾಗದ ಸಂಚಾರ, ಟಿಬಿ-303 ಯಂತ್ರದಲ್ಲಿ ಮಂದ್ರಸ್ವರಗಳ ಓಟ, ಟಿಆರ್-808 ಯಂತ್ರದಲ್ಲಿ ತಾಳ. ಭೈರವಿ, ಲಲಿತ್, ತೋಡಿ, ಯಮನ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ನಡೆಗೆ ಹೊಂದಿಸಿ ನುಡಿಸಿದ ಆ ರೆಕಾರ್ಡಿನ ಹೆಸರು ‘ಸಿಂಥೆಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ಅದು ಹೆಚ್ಚಾಗಿ ಮಾರಾಟವಾಗಲಿಲ್ಲ. ಕೆಲವೇ ಕಾಲದಲ್ಲಿ ಮರೆತೂಹೋಯಿತು. 2010ರಲ್ಲಿ ಅದು ಯುರೋಪಿನಲ್ಲಿ ಪುನಃ ಪ್ರಕಟವಾದಾಗ ಕೇಳಿದವರು ಬೆರಗಾದರು. ಅಮೆರಿಕದ ಶಿಕಾಗೋ ನಗರದಲ್ಲಿ ಐದು ವರ್ಷ ತಡವಾಗಿ ಹುಟ್ಟಿ ಲೋಕವನ್ನೆಲ್ಲ ಕುಣಿಸಿದ ನಾದಕ್ಕೂ ಇದಕ್ಕೂ ಅಷ್ಟು ಹೋಲಿಕೆಯಿತ್ತು. ಚರಣ್‌ಜಿತ್ ಸಿಂಗರು 2015ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ ಯುರೋಪಿನ ವೇದಿಕೆಗಳ ಮೇಲೆ ಅವರು ಅದನ್ನು ನುಡಿಸಿದ್ದೂ, ಮೊಮ್ಮಕ್ಕಳ ವಯಸ್ಸಿನವರು ಅದಕ್ಕೆ ಕುಣಿದದ್ದೂ ಉಂಟು.

ಯಂತ್ರ ಅದೇ, ನಾದ ಹೆಚ್ಚುಕಡಿಮೆ ಅದೇ. ಮತ್ತೆ ಮುಂಬಯಿಯಲ್ಲಿ ಇಲ್ಲದ್ದು ಏನು? ಡಿಸ್ಕೋ ಹಾಡುಗಳು ಮುಂಬಯಿಗೆ ಹೊಸತಾಗಿರಲಿಲ್ಲ. ಆದರೆ ಹಾಡೂ ಇಲ್ಲದ, ಪಲ್ಲವಿಯೂ ಇಲ್ಲದ ಈ ನಾದಪ್ರವಾಹಕ್ಕೆ ಮೈಯೊಪ್ಪಿಸಿ ರಾತ್ರಿಯಿಡೀ ಕುಣಿಯುವ ಒಂದು ಬಳಗ ಅದರ ಸುತ್ತ ಕೂಡಲಿಲ್ಲ. ಶಿಕಾಗೋದಲ್ಲಿ ಆ ಬಳಗ ಮೊದಲೇ ಇತ್ತು. ಸಂಗೀತ ಆಮೇಲೆ ಬಂದಿತು.

ಅಲ್ಲಿ ‘ವೇರ್‌ಹೌಸ್’ ಎಂಬ ಕ್ಲಬ್ಬು 1977ರಲ್ಲಿ ತೆರೆಯಿತು. ಅಲ್ಲಿ ರೆಕಾರ್ಡು ನುಡಿಸುತ್ತಿದ್ದವರು ಫ್ರಾಂಕಿ ನಕಲ್ಸ್. ಕುಣಿಯಲು ಬರುತ್ತಿದ್ದವರಲ್ಲಿ ಬಹುಮಂದಿ ಕರಿಯ ತರುಣರು. ಅವರಲ್ಲಿಯೂ ಸಲಿಂಗಪ್ರೇಮಿಗಳೆಂಬ ಕಾರಣಕ್ಕೆ ಬೇರೆಡೆ ಮುಖ ಮರೆಸಿಕೊಂಡು ಬಾಳಬೇಕಾಗಿದ್ದವರು. 1979ರ ಜುಲೈ 12ರಂದು ಅದೇ ನಗರದ ಬೇಸ್‌ಬಾಲ್ ಮೈದಾನವೊಂದರಲ್ಲಿ, ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿ ಸಾವಿರಾರು ಜನ ಸಂತೋಷಪಟ್ಟಿದ್ದರು. ಡಿಸ್ಕೋ ಸತ್ತಿತೆಂದು ಪತ್ರಿಕೆಗಳು ಬರೆದವು. ಸಾಯಲಿಲ್ಲ; ವೇರ್‌ಹೌಸಿನಂಥ ಕಡೆ ಬೇರೆ ರೂಪ ತಾಳಿತು. ಆ ಕ್ಲಬ್ಬಿನ ಹೆಸರಿನ ಬಾಲವೇ ‘ಹೌಸ್’ ಎಂಬ ಸಂಗೀತಪ್ರಕಾರಕ್ಕೆ ಹೆಸರಾಗಿ ನಿಂತಿತೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಟಿಬಿ-303ರ ಕಥೆಯೂ ಸ್ವಾರಸ್ಯವಾದದ್ದು. ಒಬ್ಬಂಟಿ ಗಿಟಾರ್ ವಾದಕನಿಗೆ ಮಂದ್ರದ ಪಕ್ಕವಾದ್ಯವಾಗಲೆಂದು ಮಾಡಿದ ಯಂತ್ರವದು. ಆ ಕೆಲಸವನ್ನು ಅದು ಚೆನ್ನಾಗಿ ಮಾಡಲಿಲ್ಲ. ಕಂಪನಿ 1984ರ ವೇಳೆಗೆ ಅದರ ತಯಾರಿಕೆಯನ್ನೇ ಕೈಬಿಟ್ಟಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕುತ್ತಿದ್ದ ಈ ಪೆಟ್ಟಿಗೆಯನ್ನು ಶಿಕಾಗೋದ ‘ಫ್ಯೂಚರ್’ ಎಂಬ ತರುಣರ ತಂಡ ಕೊಂಡು, ಅದರ ತಿರುಗುಗುಂಡಿಗಳನ್ನು ನುಡಿಸುತ್ತಿರುವಾಗಲೇ ತಿರುಚುತ್ತ ಹೋಯಿತು. ಹುಟ್ಟಿದ್ದು ಕೀರಲು ದನಿಯೋ ಕುದಿಯುವ ದ್ರವದ ಸದ್ದೋ ಎನ್ನುವಂಥ ಒಂದು ವಿಚಿತ್ರ ನಾದ. ‘ಆಸಿಡ್ ಟ್ರ್ಯಾಕ್ಸ್’ ಎಂದು ಅದು 1987ರಲ್ಲಿ ರೆಕಾರ್ಡಾಗಿ ಬಂದಿತು. ರೆಕಾರ್ಡಾಗುವ ಮೊದಲು ‘ಮ್ಯೂಸಿಕ್ ಬಾಕ್ಸ್’ ಎಂಬ ಕ್ಲಬ್ಬಿನಲ್ಲಿ ರಾನ್ ಹಾರ್ಡಿ ಅದನ್ನು ಒಂದೇ ರಾತ್ರಿ ನಾಲ್ಕು ಸಲ ಹಾಕಿದರೆಂದು ಆ ತಂಡದವರು ಹೇಳುತ್ತಾರೆ. ಮೊದಲನೆಯ ಸಲ ಅಂಗಳ ಬರಿದಾಯಿತಂತೆ. ನಾಲ್ಕನೆಯ ಸಲ ಜನ ಹುಚ್ಚೆದ್ದು ಕುಣಿದರಂತೆ. ಕಥೆ ಬಾಯಿಂದ ಬಾಯಿಗೆ ಸ್ವಲ್ಪ ಬೆಳೆದಿದ್ದರೂ ಬೆಳೆದಿರಬಹುದು. ಆದರೆ ಅದರ ಒಳಗಿನ ಮಾತು ನಿಜ. ಆ ಕೃತಿಯನ್ನು ಕೇಳುವುದು ಹೇಗೆಂಬುದನ್ನು ಆ ರಾತ್ರಿ ಕಾಲುಗಳು ಕಲಿತವು. ಕಿವಿ ಅವುಗಳ ಹಿಂದೆ ಬಂದಿತು.

ಇನ್ನು ಮರುಕಳಿಕೆಯ ಪ್ರಶ್ನೆ. ಹೌಸ್ ಸಂಗೀತದಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130ರವರೆಗೆ ಪೆಟ್ಟುಗಳು. ಪ್ರತಿ ಪೆಟ್ಟಿಗೂ ದೊಡ್ಡ ಡ್ರಮ್ಮಿನ ‘ಧಂ’ ಎಂಬ ಗುದ್ದು. ನಾಲ್ಕಕ್ಕೆ ನಾಲ್ಕೂ ಸಮ, ಏರಿಳಿತವಿಲ್ಲ. ಕಾಗದದ ಮೇಲೆ ಬರೆದರೆ ಇದಕ್ಕಿಂತ ಬಡವಾದ ಲಯ ಮತ್ತೊಂದಿರಲಾರದು. ಆದರೆ ಈ ಪೆಟ್ಟನ್ನು ಸಂಗೀತವೆಂದು ಕೇಳಬಾರದು, ನೆಲವೆಂದು ತಿಳಿಯಬೇಕು. ಕಾಲಿಟ್ಟ ಕಡೆಯಲ್ಲೆಲ್ಲ ಇದ್ದೇ ಇರುತ್ತದೆಂಬ ಭರವಸೆ ಕೊಡುವುದು ಅದರ ಕೆಲಸ. ಕಟ್ಟಡ ಅದರ ಮೇಲೆ ಏಳುತ್ತದೆ. ಎಂಟು ಅಥವಾ ಹದಿನಾರು ಆವರ್ತಗಳಿಗೊಮ್ಮೆ ಒಂದು ಪದರ ಬಂದು ಸೇರುತ್ತದೆ, ಇನ್ನೊಂದು ಕಳಚಿಕೊಳ್ಳುತ್ತದೆ. ಒಂದು ಸ್ವರದ ಹೊಳಪನ್ನು ನುಡಿಸುವವನು ಮೆಲ್ಲಮೆಲ್ಲನೆ ಮುಚ್ಚುತ್ತಾನೆ. ಅದು ಪಕ್ಕದ ಮನೆಯಿಂದ ಕೇಳಿಬರುವಂತೆ ಮಂಕಾಗುತ್ತದೆ. ಆಮೇಲೆ ಮೆಲ್ಲಮೆಲ್ಲನೆ ತೆರೆಯುತ್ತಾನೆ. ಹೀಗೆ ನಡೆಯುತ್ತಿರುವಾಗ ಹಠಾತ್ತನೆ ಆ ‘ಧಂ’ ಪೆಟ್ಟನ್ನೇ ತೆಗೆದುಬಿಡುತ್ತಾನೆ. ನೆಲ ಜಾರಿದಂತಾಗುತ್ತದೆ. ಕುಣಿಯುತ್ತಿರುವ ಸಾವಿರ ಮಂದಿಯ ಮೈಯಲ್ಲಿ ಮಾತ್ರ ತಾಳ ನಡೆದೇ ಇರುತ್ತದೆ. ಇಲ್ಲದ ಪೆಟ್ಟನ್ನು ಅವರೇ ಹೊತ್ತುಕೊಂಡು ಸಾಗುತ್ತಾರೆ. ಎಷ್ಟು ಹೊತ್ತು? ಅದನ್ನು ನಿರ್ಧರಿಸುವುದೇ ಕಲೆ. ಬೇಗ ಹಿಂದಿರುಗಿಸಿದರೆ ಸಪ್ಪೆ, ತಡಮಾಡಿದರೆ ಬೇಸರ. ಸರಿಯಾದ ಕ್ಷಣದಲ್ಲಿ ಆ ಪೆಟ್ಟು ಮರಳಿ ಬಂದಾಗ ಏಳುವ ಉದ್ಗಾರವನ್ನು ಕೇಳಿದವರು ಅದನ್ನು ಬೇಗ ಮರೆಯುವುದಿಲ್ಲ.

ನಮ್ಮ ಕಚೇರಿಗಳಲ್ಲಿ ತನಿ ಆವರ್ತನ ಕೇಳಿ ಬಲ್ಲವರಿಗೆ ಇದು ತೀರ ಅಪರಿಚಿತವಾದ ಸುಖವಲ್ಲ. ಮೃದಂಗದವರು ಲೆಕ್ಕಾಚಾರದ ಕಾಡಿನೊಳಗೆ ಹೊಕ್ಕಾಗ ಸಭಿಕರು ತೊಡೆಯ ಮೇಲೆ ತಾಳ ಹಿಡಿದು ಕಾಯುತ್ತಾರೆ. ತೀರ್ಮಾನ ಬಂದು ಎಡುಪಿಗೆ ಕರಾರುವಾಕ್ಕಾಗಿ ಕೂಡಿದಾಗ ಸಭೆಯೆಲ್ಲ ‘ಭಲೆ’ ಎನ್ನುತ್ತದೆ. ಅಲ್ಲಿಯ ಲೆಕ್ಕದ ಜಾಣ್ಮೆ ಇಲ್ಲಿಲ್ಲ, ನಿಜ. ಆದರೆ ಕಾದು ಪಡೆಯುವ ಸುಖ ಎರಡು ಕಡೆಯೂ ಒಂದೇ ಜಾತಿಯದು. ಅಲ್ಲಿ ಬೆರಳು ಕಾಯುತ್ತದೆ, ಇಲ್ಲಿ ಇಡೀ ದೇಹ ಕಾಯುತ್ತದೆ.

ದೇಹವೂ ಕೇಳುತ್ತದೆಯೆಂಬುದು ಬರಿಯ ಅಲಂಕಾರದ ಮಾತಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ‘ಆರ್ಫೆಕ್ಸ್’ ಎಂಬ ಇಲೆಕ್ಟ್ರಾನಿಕ್ ಜೋಡಿಯ ಕಚೇರಿಯೊಂದರಲ್ಲಿ ಇದನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕುಣಿಯುವವರ ತಲೆಗೆ ಚಲನೆಯನ್ನು ಅಳೆಯುವ ಪಟ್ಟಿ ಕಟ್ಟಿದರು. ಕಿವಿಗೆ ನಿಲುಕದಷ್ಟು ತಗ್ಗಿನ ನಾದವನ್ನು ಹೊಮ್ಮಿಸುವ ವಿಶೇಷ ಧ್ವನಿವರ್ಧಕಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಾಕುತ್ತ, ಆರಿಸುತ್ತ ಹೋದರು. ಅದು ಯಾವಾಗ ಹತ್ತಿತು, ಯಾವಾಗ ಆರಿತು ಎಂಬುದು ಜನಕ್ಕೆ ತಿಳಿಯುತ್ತಿರಲಿಲ್ಲ. ಆದರೂ ಅದು ಹತ್ತಿದ್ದಾಗ ಅವರ ಕುಣಿತ ನೂರಕ್ಕೆ ಸುಮಾರು ಹನ್ನೆರಡರಷ್ಟು ಹೆಚ್ಚಿತ್ತು. ಮನೆಯ ಪುಟ್ಟ ಪೆಟ್ಟಿಗೆಯಲ್ಲೋ ಫೋನಿನಲ್ಲೋ ಈ ಸಂಗೀತವನ್ನು ಕೇಳಿ ‘ಇದರಲ್ಲಿ ಏನೂ ಇಲ್ಲ’ ಎನ್ನುವವರಿಗೆ ಇದೊಂದು ಉತ್ತರ. ಅವರು ಕೇಳಿದ್ದರಲ್ಲಿ ನಿಜವಾಗಿಯೂ ಅದು ಇರಲಿಲ್ಲ.

ಹಾಗಾದರೆ ವಾದಕ ಯಾರು? ಗುಂಡಿ ಒತ್ತಿ ಕೈಕಟ್ಟಿ ನಿಲ್ಲುವವರು ಈ ರಂಗದಲ್ಲಿ ಇಲ್ಲದೆ ಇಲ್ಲ. ಆದರೆ ಡೆಟ್ರಾಯಿಟ್ ನಗರದ ಜೆಫ್ ಮಿಲ್ಸ್ ಅವರನ್ನು ನೋಡಬೇಕು. ಟಿಆರ್-909 ಎಂಬ ತಾಳಯಂತ್ರವನ್ನು ಮೊದಲೇ ಬರೆದಿಟ್ಟ ಪಾಠ ಒಪ್ಪಿಸಲು ಬಿಡದೆ, ಅದರ ಗುಂಡಿಗಳನ್ನು ತಬಲಾದವರಂತೆ ಬೆರಳಿನಿಂದ ನುಡಿಸುವುದರಲ್ಲಿ ಅವರು ಪ್ರಸಿದ್ಧರು. 2004ರಲ್ಲಿ ಬಂದ ಅವರ ‘ಎಕ್ಸಿಬಿಷನಿಸ್ಟ್’ ಚಿತ್ರಮುದ್ರಿಕೆಯಲ್ಲಿ ಕ್ಯಾಮರಾ ಅವರ ಕೈಗಳ ಮೇಲೆಯೇ ನೆಟ್ಟಿದೆ. ಒಂದು ರೆಕಾರ್ಡು ಓಡುತ್ತಿರುವಾಗ ಮತ್ತೊಂದನ್ನು ಅದರ ವೇಗಕ್ಕೆ ಹೊಂದಿಸಿ, ಎರಡರಿಂದಲೂ ಬೇಕಾದಷ್ಟನ್ನೇ ಎತ್ತಿ, ಮೂರನೆಯದೊಂದನ್ನು ಅವರು ಕಟ್ಟುತ್ತಾರೆ. ಆ ಕೈಗಳಿಗೆ ಬಿಡುವಿಲ್ಲ. ಜರ್ಮನಿಯ ಅತ್ಯುಚ್ಚ ತೆರಿಗೆ ನ್ಯಾಯಾಲಯದ ಮುಂದೆ ಇದೇ ಪ್ರಶ್ನೆ ಬಂದಿತ್ತು. ಕಚೇರಿಯ ಟಿಕೆಟ್ಟಿಗೆ ಅಲ್ಲಿ ತೆರಿಗೆ ನೂರಕ್ಕೆ 7, ಬರಿಯ ಮೋಜಿನ ಕೂಟಕ್ಕೆ 19. ಡಿಜೆ ಆದವನು ಅನ್ಯರ ರೆಕಾರ್ಡನ್ನು ಸುಮ್ಮನೆ ಹಾಕುವವನಲ್ಲ, ತನ್ನ ಸಲಕರಣೆಗಳನ್ನೇ ವಾದ್ಯವಾಗಿ ಬಳಸಿ ಹೊಸ ಸಂಗೀತವನ್ನು ಕಟ್ಟುವವನು, ಆದುದರಿಂದ ಅದು ಕಚೇರಿಯೇ ಸರಿ ಎಂದು 2020ರಲ್ಲಿ ನ್ಯಾಯಾಲಯ ಹೇಳಿತು. ವಿಮರ್ಶಕರು ಹೇಳಬೇಕಾಗಿದ್ದ ಮಾತನ್ನು ತೆರಿಗೆಯ ನ್ಯಾಯಾಧೀಶರು ಹೇಳಿದರು!

ಈ ಪ್ರಕಾರದ ಗುಣದೋಷಗಳೆರಡನ್ನೂ ಒಂದೇ ಕಡೆ ತೋರಿಸುವ ಕೃತಿಯೆಂದರೆ ಫ್ರಾನ್ಸಿನ ‘ಡಾಫ್ಟ್ ಪಂಕ್’ ಜೋಡಿಯ ‘ಅಲೈವ್ 2007’. ತೋಮಾ ಬಾಂಗಲ್ತೇರ್ ಮತ್ತು ಗೀ-ಮಾನುಯೆಲ್ ದ ಓಮೆಮ್-ಕ್ರಿಸ್ತೊ ಎಂಬ ಇವರಿಬ್ಬರು ಯಂತ್ರಮಾನವರ ಶಿರಸ್ತ್ರಾಣ ಧರಿಸಿ ಮುಖ ಮುಚ್ಚಿಕೊಂಡು ನುಡಿಸುತ್ತಿದ್ದರು. 2005ರಲ್ಲಿ ಅವರು ಹೊರತಂದ ‘ಹ್ಯೂಮನ್ ಆಫ್ಟರ್ ಆಲ್’ ರೆಕಾರ್ಡು ಬಡಕಲಾಗಿದೆ, ಹೇಳಿದ್ದನ್ನೇ ಹೇಳುತ್ತದೆಯೆಂದು ಬಹುಮಂದಿ ವಿಮರ್ಶಕರು ಮೂಗುಮುರಿದರು. ಮರುವರ್ಷ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯ ಕೊಚೆಲ್ಲಾ ಉತ್ಸವದಲ್ಲಿ, ಬೆಳಕಿನ ಒಂದು ದೊಡ್ಡ ಪಿರಮಿಡ್ಡಿನೊಳಗೆ ನಿಂತು, ಅದೇ ಹಾಡುಗಳನ್ನು ತಮ್ಮ ಹಳೆಯ ಹಾಡುಗಳ ಮೇಲೆ ಹೊದಿಸಿ ಅವರು ನುಡಿಸಿದರು. ಬಡಕಲೆಂದು ಕಂಡಿದ್ದದ್ದು ಅಲ್ಲಿ ಗಟ್ಟಿಯಾಗಿ ನಿಂತಿತು. ಖಾಲಿಯಾಗಿ ಕಂಡಿದ್ದ ಎಡೆಗಳು ಕುಣಿಯುವವರಿಗಾಗಿ ಬಿಟ್ಟ ಜಾಗಗಳಂತೆ ತೋರಿದವು.

‘ಅಲೈವ್ 2007’ ರೆಕಾರ್ಡು ಆ ಪ್ರವಾಸದ ಒಂದು ರಾತ್ರಿಯದು. ಪ್ಯಾರಿಸಿನ ಬೆರ್ಸಿ ಸಭಾಂಗಣದಲ್ಲಿ 2007ರ ಜೂನ್ 14ರಂದು ಮುದ್ರಿತವಾದದ್ದು. 2009ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ಅದರ ಹೆಚ್ಚಳವಿರುವುದು ಪ್ರಶಸ್ತಿಯಲ್ಲಲ್ಲ, ಅದರಲ್ಲಿ ಕೇಳಿಬರುವ ಜನರ ದನಿಯಲ್ಲಿ. ಒಂದು ಹಾಡಿನ ಎರಡು ಪದ ಮಾತ್ರ ಮಿಂಚಿ ಮಾಯವಾಗುತ್ತವೆ. ಸಭೆ ಗುರುತಿಸಿ ಕೂಗುತ್ತದೆ. ಬರುತ್ತದೆಂದುಕೊಂಡದ್ದು ಬರುವುದಿಲ್ಲ, ಬೇರೊಂದು ಬರುತ್ತದೆ. ಅದರ ಬೆನ್ನ ಮೇಲೆ ಮೊದಲಿನದು ಏರಿ ಬರುತ್ತದೆ. ಆಗ ಏಳುವ ಗದ್ದಲವನ್ನು ಅಳಿಸಿಹಾಕಿದರೆ ಆ ರೆಕಾರ್ಡು ಅರ್ಧ ಸತ್ತಂತೆ. ಮುಖವಿಲ್ಲದ ಇಬ್ಬರು ನುಡಿಸಿದರು; ಹೆಸರಿಲ್ಲದ ಸಾವಿರಾರು ಮಂದಿ ಅದನ್ನು ಮುಗಿಸಿಕೊಟ್ಟರು. 2021ರ ಫೆಬ್ರವರಿಯಲ್ಲಿ ಈ ಜೋಡಿ ಬೇರೆಯಾಯಿತು. ಆ ರಾತ್ರಿಯ ಕುಣಿತ ಮಾತ್ರ ಮುದ್ರಿಕೆಯಲ್ಲಿ ಉಳಿದಿದೆ.

ಆದರೆ ಆ ಪಿರಮಿಡ್ಡಿನ ಬಗ್ಗೆ ನಮ್ಮದೊಂದು ತಕರಾರಿದೆ. ವೇರ್‌ಹೌಸಿನಂಥ ಕತ್ತಲ ಅಂಗಳದಲ್ಲಿ ನೋಡಲು ಏನೂ ಇರಲಿಲ್ಲ. ಆದುದರಿಂದ ಕುಣಿಯುವವರು ಒಬ್ಬರ ಕಡೆಗೊಬ್ಬರು ತಿರುಗಿದ್ದರು. ಪಿರಮಿಡ್ಡು ಎಲ್ಲರನ್ನೂ ಒಂದೇ ಕಡೆಗೆ ತಿರುಗಿಸಿತು. ಡಾಫ್ಟ್ ಪಂಕರ ಸಂಗೀತಕ್ಕೆ ಆ ವೈಭವವನ್ನು ಹೊರುವ ಶಕ್ತಿ ಇತ್ತು. ಅವರ ಹಿಂದೆ ಬಂದ ಅನೇಕರು ಬೆಳಕಿನ ಗೋಡೆಯನ್ನು ತಂದರು, ಬಾಣಬಿರುಸನ್ನು ತಂದರು, ಸಂಗೀತವನ್ನು ಮನೆಯಲ್ಲಿ ಬಿಟ್ಟುಬಂದರು. ತಾಳವನ್ನು ತೆಗೆದು ಹಿಂದಿರುಗಿಸುವ ಆ ಸೂಕ್ಷ್ಮ ಅವರ ಕೈಯಲ್ಲಿ ಗಡಿಯಾರದ ಗಂಟೆಯಂತಾಯಿತು. ಯಾವ ಕ್ಷಣದಲ್ಲಿ ಏನಾಗುವುದೆಂಬುದು ಮೊದಲೇ ಗೊತ್ತು. ಎದುರಿನಲ್ಲಿ ಸಾವಿರಾರು ಕೈಗಳು ಮೇಲೆದ್ದಿರುತ್ತವೆ. ಕುಣಿತಕ್ಕಲ್ಲ, ಫೋನಿನಲ್ಲಿ ಚಿತ್ರ ಹಿಡಿಯುವುದಕ್ಕೆ. ಬರ್ಲಿನ್ನಿನ ಬೆರ್ಗ್‌ಹೈನ್ ಕ್ಲಬ್ಬಿನಲ್ಲಿ ಒಳಹೋಗುವವರ ಫೋನಿನ ಕ್ಯಾಮರಾಕ್ಕೆ ಬಾಗಿಲಿನಲ್ಲಿಯೇ ಚೀಟಿ ಅಂಟಿಸುತ್ತಾರೆ. ಕೆಲವರಿಗೆ ಇದು ಬಿಗುಮಾನವಾಗಿ ಕಾಣುತ್ತದೆ. ನಮಗೆ ಅದು ಒಂದು ಒಳ್ಳೆಯ ವಿಮರ್ಶೆಯಂತೆ ಕಾಣುತ್ತದೆ.

ಕುಣಿಯುವ ಅಂಗಳ ಎಂಥವರನ್ನು ಕೂಡಿಸುತ್ತದೆಂಬುದೂ ವಿಚಾರಮಾಡತಕ್ಕ ಸಂಗತಿ. ಬರ್ಲಿನ್ ಗೋಡೆ 1989ರಲ್ಲಿ ಬಿದ್ದಿತು. 1991ರ ಮಾರ್ಚಿಯಲ್ಲಿ, ಹಾಳುಬಿದ್ದಿದ್ದ ಒಂದು ಹಳೆಯ ಅಂಗಡಿಮಳಿಗೆಯ ನೆಲಮಾಳಿಗೆಯ ತಿಜೋರಿಕೋಣೆಯಲ್ಲಿ ‘ಟ್ರೆಸರ್’ ಎಂಬ ಕ್ಲಬ್ಬು ತೆರೆಯಿತು. ಇಪ್ಪತ್ತೆಂಟು ವರ್ಷ ಗೋಡೆಯ ಎರಡು ಕಡೆ ಬೇರೆ ಬೇರೆ ಪಾಠ ಕಲಿತು ಬೆಳೆದ ನಗರದ ತರುಣರು ಡೆಟ್ರಾಯಿಟಿನ ಕರಿಯರ ಟೆಕ್ನೋ ಸಂಗೀತಕ್ಕೆ ಅಲ್ಲಿ ಒಟ್ಟಿಗೆ ಕುಣಿದರು. ಭಾಷಣಗಳು ಮಾಡಲಾರದ ಕೆಲಸದಲ್ಲಿ ಸ್ವಲ್ಪವನ್ನಾದರೂ ಆ ಕತ್ತಲಕೋಣೆ ಮಾಡಿತು. 2024ರ ಮಾರ್ಚಿಯಲ್ಲಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿಯನ್ನು ಜರ್ಮನಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಇಂಗ್ಲೆಂಡ್ ಹಿಡಿದ ದಾರಿ ಬೇರೆ. 1992ರ ಮೇ ತಿಂಗಳಿನಲ್ಲಿ ಕಾಸಲ್‌ಮಾರ್ಟನ್ ಎಂಬಲ್ಲಿಯ ಬಯಲಿನಲ್ಲಿ ಸಾವಿರಾರು ಮಂದಿ ಒಂದು ವಾರ ಕುಣಿದದ್ದು ದೊಡ್ಡ ಗುಲ್ಲಾಯಿತು. ಹಳ್ಳಿಯವರಿಗೆ ಏಳು ರಾತ್ರಿ ನಿದ್ದೆಯಿರಲಿಲ್ಲ. ಅವರ ದೂರು ನ್ಯಾಯವಾದದ್ದೇ. ಆದರೆ 1994ರಲ್ಲಿ ಬಂದ ಶಾಸನ, ಗದ್ದಲವನ್ನು ನಿಯಂತ್ರಿಸುವುದಷ್ಟಕ್ಕೆ ನಿಲ್ಲದೆ, ಮರುಕಳಿಸುವ ಪೆಟ್ಟುಗಳ ಸರಣಿಯೇ ಮುಖ್ಯವಾಗುಳ್ಳ ನಾದವೆಂದು ಸಂಗೀತಕ್ಕೆ ಒಂದು ಲಕ್ಷಣವನ್ನೂ ಬರೆಯಿತು. ಆ ಮಸೂದೆಯನ್ನು ಪ್ರತಿಭಟಿಸಿ ‘ಆಟೆಕರ್’ ಎಂಬ ಜೋಡಿ ಒಂದು ರೆಕಾರ್ಡನ್ನು ತಂದಿತು. ಅದರ ‘ಫ್ಲಟರ್’ ಎಂಬ ಕೃತಿಯಲ್ಲಿ ಯಾವ ಎರಡು ಆವರ್ತಗಳೂ ಒಂದೇ ರೀತಿ ಇಲ್ಲದಂತೆ ಯಂತ್ರವನ್ನು ಹೊಂದಿಸಿದ್ದರು. ಇದನ್ನು ನುಡಿಸುವಾಗ ಪಕ್ಕದಲ್ಲಿ ಒಬ್ಬ ವಕೀಲನನ್ನೂ ಒಬ್ಬ ಸಂಗೀತಶಾಸ್ತ್ರಜ್ಞನನ್ನೂ ಇರಿಸಿಕೊಳ್ಳಿರೆಂಬ ಸಲಹೆಯೂ ಅದರ ಮೇಲಿತ್ತು. ನಗೆಯ ಒಳಗೆ ಒಂದು ಗಂಭೀರವಾದ ಪ್ರಶ್ನೆ ಇದೆ. ಜನ ಕೂಡಿ ಹೆಜ್ಜೆ ಹಾಕುವುದನ್ನು ಕಂಡರೆ ಅಧಿಕಾರಕ್ಕೆ ಭಯವೇಕೆ?

ಅಂಜತಕ್ಕ ವಿಷಯಗಳು ಇಲ್ಲದೆ ಇಲ್ಲ. ಮಾದಕ ವಸ್ತುಗಳ ಪಿಡುಗು ಈ ಅಂಗಳಗಳಿಗೆ ಅಂಟಿಕೊಂಡು ಬಂದಿದೆ, ಪ್ರಾಣ ಕಳೆದುಕೊಂಡವರಿದ್ದಾರೆ. ಅದನ್ನು ಮುಚ್ಚಿಟ್ಟು ಕುಣಿತವನ್ನು ಹೊಗಳುವುದು ಪ್ರಾಮಾಣಿಕತನವಲ್ಲ. ಅದಕ್ಕಿಂತ ಕಡಮೆ ಮಾತಿಗೆ ಬರುವ ಅಪಾಯ ಗಾತ್ರದ್ದು. ಬರ್ಲಿನ್ನಿನಲ್ಲಿ 1989ರ ಬೇಸಿಗೆಯಲ್ಲಿ ಸುಮಾರು 150 ಮಂದಿ ಒಂದು ಬಂಡಿಯ ಹಿಂದೆ ಕುಣಿಯುತ್ತ ಹೊರಟು ಆರಂಭಿಸಿದ ‘ಲವ್ ಪರೇಡ್’ ಹತ್ತು ವರ್ಷದಲ್ಲಿ ಹತ್ತು ಲಕ್ಷಕ್ಕೂ ಮೀರಿ ಬೆಳೆಯಿತು. ಆಮೇಲೆ ಊರೂರಿಗೆ ಹೋಯಿತು. 2010ರ ಜುಲೈ 24ರಂದು ಡೂಯಿಸ್‌ಬರ್ಗ್ ನಗರದಲ್ಲಿ, ಸುರಂಗಮಾರ್ಗದಿಂದ ಮೈದಾನಕ್ಕೆ ಏರುವ ದಾರಿಯಲ್ಲಿ ಹೋಗುವವರೂ ಬರುವವರೂ ಸಿಕ್ಕಿಬಿದ್ದು 21 ಮಂದಿ ಸತ್ತರು. ಅವರನ್ನು ಕೊಂದದ್ದು ಸಂಗೀತವಲ್ಲ, ಕುಣಿತವಲ್ಲ; ಇಷ್ಟು ದಾರಿಯಲ್ಲಿ ಇಷ್ಟು ಜನ ಹಿಡಿಯುತ್ತಾರೆಯೇ ಎಂಬ ಲೆಕ್ಕ ತಪ್ಪಿದ್ದು. ಆ ಉತ್ಸವ ಮತ್ತೆ ನಡೆಯಲಿಲ್ಲ. 150 ಮಂದಿಯ ಕುಣಿತದಲ್ಲಿ ಪಕ್ಕದವರು ಎಡವಿದರೆ ಕೈಹಿಡಿದು ಎತ್ತಬಹುದು. ಲಕ್ಷಾಂತರ ಜನರ ನಡುವೆ ಆ ಕೈ ನೀಡುವುದಕ್ಕೂ ಎಡೆಯಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ಈ ಸಂಗೀತವನ್ನು ಅಳೆಯುವ ಅಳತೆಗೋಲು ಯಾವುದೆಂಬುದು ಸ್ಪಷ್ಟವಾಗುತ್ತದೆ. ಸ್ವರವೈವಿಧ್ಯವನ್ನು ಅದರಲ್ಲಿ ಹುಡುಕಬೇಕಾಗಿಲ್ಲ. ಅದನ್ನು ಕೊಡುವ ಸಂಗೀತಗಳು ಲೋಕದಲ್ಲಿ ಬೇಕಾದಷ್ಟಿವೆ. ಬೆಳಕಿನ ವೈಭವವನ್ನೂ ನೋಡಬೇಕಾಗಿಲ್ಲ. ಅದನ್ನು ಹಣ ಕೊಟ್ಟರೆ ಯಾರು ಬೇಕಾದರೂ ತರಬಹುದು. ಕೇಳಬೇಕಾದ ಪ್ರಶ್ನೆಗಳು ಎರಡೇ. ನುಡಿಸುವವನು ಎದುರಿನ ಜನರನ್ನು ಆಲಿಸುತ್ತಿದ್ದಾನೆಯೇ? ಕುಣಿಯುವವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿದೆಯೇ? ಎರಡಕ್ಕೂ ಹೌದೆಂಬ ಉತ್ತರ ಬಂದ ಕಡೆ, ಹೆಸರು ಕುಲ ತಿಳಿಯದ ನೂರಾರು ಮಂದಿ ಕೆಲವು ಗಂಟೆಗಳ ಕಾಲ ಒಂದೇ ಹೆಜ್ಜೆಯಲ್ಲಿ ನಡೆಯುವ ಅಪೂರ್ವ ಸಂಗತಿ ನಡೆಯುತ್ತದೆ. ಅಕ್ಕಪಕ್ಕದ ಮನೆಯವರ ಪರಿಚಯವೂ ಇಲ್ಲದೆ ಬಾಳುವ ನಗರವಾಸಿಗಳಾದ ನಾವು ಅದನ್ನು ಹಗುರವಾಗಿ ಎಣಿಸಲಾಗದು. ಕಾಲುನೋವಿನವರೂ ನಾಚಿಕೆಯವರೂ ಅಂಚಿನಲ್ಲಿ ನಿಂತು ತಲೆದೂಗಿದರೂ ಸಾಕು. ಅಂಗಳದಲ್ಲಿ ಅವರಿಗೂ ಸ್ಥಳವಿದೆ.